ಸ್ಟಾಕ್ ಬೋರ್ಡ್ ಬರೆಯುವ ಮುಂಚೆ ಬೆಲ್ಲ ತೂಗಿ

ಅಣ್ಣನ ಮಗ ಈಗ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಹಾಕಿದ್ದಾನೆ. ದಾಸ್ತಾನು ಲೆಕ್ಕ ಹೇಗೆ ಇಡಬೇಕು ಚಿಕ್ಕಪ್ಪ ಅಂತ ಕೇಳಿದ. ನಾನು ಕಲಿತದ್ದು 1975ರಲ್ಲಿ, ದೇಶದಲ್ಲಿ ತುರ್ತು ಪರಿಸ್ಥಿತಿ ಹೇರಿದ್ದಾಗ.

ಆಗ ನನಗೆ ಹದಿಮೂರು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಜುಲೈ 1ಕ್ಕೆ ಇಂದಿರಾ ಗಾಂಧಿ ಇಪ್ಪತ್ತು ಅಂಶಗಳ ಕಾರ್ಯಕ್ರಮ ಸಾರಿದರು. ಬೆಲೆ ಇಳಿಸುವುದೇ ಮೊದಲ ಅಂಶ. ಹಾಗಾಗಿ ಮಂಡಿಪೇಟೆಯ ನಮ್ಮ ಅಂಗಡಿ ಮುಂದೂ ದರ, ದಾಸ್ತಾನು ಬರೆದ ಕಪ್ಪು ಹಲಗೆ ಬಂತು. ನನ್ನ ಅಕ್ಷರ ದುಂಡಗಿದೆ ಅಂತ ಅಪ್ಪ ಆ ಕೆಲಸ ನನಗೆ ಹಚ್ಚಿದರು.

ಲೆಕ್ಕ ಸುಲಭ. ನಿನ್ನೆ ಉಳಿದದ್ದಕ್ಕೆ ಬಂದ ಮಾಲು ಕೂಡಿಸಿ, ಮಾರಿದ್ದು ಕಳೆಯಿರಿ. ಆದರೆ ಆ ಅಂಕಿಯನ್ನೇ ಬೋರ್ಡಿಗೆ ಏರಿಸಬೇಡಿ. ಬಾಗಿಲು ತೆಗೆಯುವ ಮೊದಲು ಮಾಲು ತೂಗಿ. ಚೀಲದ ತೂಕ ಕಳೆಯಿರಿ, ಗೋಣಿಯೇ ಒಂದು ಕೆಜಿ ಹತ್ತಿರ ಇರುತ್ತದೆ. ಬೇಳೆ ಅಷ್ಟೇನೂ ಮೋಸ ಮಾಡುವುದಿಲ್ಲ. ಮಳೆಗಾಲದಲ್ಲಿ ಬೆಲ್ಲವನ್ನು ಮಾತ್ರ ನಂಬಬೇಡಿ.

ನಮಗೆ ಕೈಕೊಟ್ಟಿದ್ದೂ ಅದೇ. ಬೋರ್ಡಿನಲ್ಲಿ 62 ಕೆಜಿ ಬರೆದಿದ್ದೆ. ತಪಾಸಣೆಗೆ ಬಂದವರು ತೂಗಿಸಿದಾಗ 59 ಬಂತು. 'ಮೂರು ಕೆಜಿ ಎಲ್ಲಿ ಬಚ್ಚಿಟ್ಟಿದ್ದೀರಿ?' ಅಂದರು. ಬೆಲ್ಲ ನೀರೊಡೆದು ಚೀಲದಿಂದ ಸೋರಿತ್ತು. ಅಪ್ಪ ನೆಲದ ಅಂಟು ತೋರಿಸಿದರು, ಯಾರೂ ಕೇಳಲಿಲ್ಲ. ಕೋರ್ಟಿಗೂ ಒಯ್ಯದೆ, ಮೀಸಾ ಅನ್ನುವ ಆಂತರಿಕ ಭದ್ರತಾ ಕಾಯ್ದೆಯಲ್ಲಿ ಒಳಗೆ ಹಾಕುತ್ತಿದ್ದ ಕಾಲ ಅದು. ಎರಡು ತಾಸು ನಿಲ್ಲಿಸಿ, ಬೈದು ಬಿಟ್ಟರು. ಅಂದು ಅಪ್ಪ ಊಟ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಅದೇ ಜಾಸ್ತಿ ನೋವಾಯಿತು.

ಮರುದಿನದಿಂದ ಇನ್ನೊಂದು ಪುಸ್ತಕ ಶುರುವಾಯಿತು: ಕಮ್ಮಿ ಬಿದ್ದದ್ದರ ಪುಸ್ತಕ. ಇಲಿ ತಿಂದದ್ದು, ಸೋರಿದ್ದು, ಒಣಗಿದ್ದು, ಎಲ್ಲವೂ ತಾರೀಖಿನ ಜೊತೆ. ಕಣ್ಣಿಗೆ ಬಿದ್ದ ದಿನವೇ ಬರೆಯಬೇಕು. ವಾರದ ಕೊನೆಗೆ ಒಟ್ಟಿಗೆ ಬರೆದರೆ ಶಾಯಿ ಒಂದೇ ಥರ ಕಾಣುತ್ತದೆ, ನೋಡುವವರಿಗೆ ಸಂಶಯ ಬರುತ್ತದೆ. ಯಾರು ತಪಾಸಣೆಗೆ ಬಂದರೂ ಅದರಲ್ಲೇ ಸಹಿ ಕೇಳಿ. ಹಾಕದಿದ್ದರೆ, ಬಂದು ಹೋದ ಹೊತ್ತು ನೀವೇ ಬರೆದಿಡಿ.

ಬೋರ್ಡಿನಿಂದ ಒಳ್ಳೆಯದೂ ಆಯಿತು ಅನ್ನಿ. ಓದು ಬಾರದ ಅಜ್ಜಿಯರು ನನ್ನಿಂದಲೇ ದರ ಓದಿಸಿ, ಆಮೇಲೆ ಅಪ್ಪನ ಹತ್ತಿರ ಚೌಕಾಸಿ ಮಾಡುತ್ತಿದ್ದರು.

2023ರ ಜೂನಿನಲ್ಲಿ ತೊಗರಿ, ಉದ್ದಿಗೆ ಕೇಂದ್ರ ಸರ್ಕಾರದ ದಾಸ್ತಾನು ಮಿತಿ ಬಂದಿತ್ತು. ಚಿಲ್ಲರೆ ಅಂಗಡಿಗೆ ತಲಾ 5 ಟನ್. ನಮ್ಮ ಹುಡುಗನ ಅಂಗಡಿಯಲ್ಲಿ ಅಷ್ಟು ಇಡಲು ಜಾಗವೇ ಇಲ್ಲ! ಆದರೂ ಪುಸ್ತಕ ಇಡಲು ಹೇಳಿದ್ದೇನೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ, ತೂಕ ಸರಿಯಿದೆ ಅನ್ನುವ ಸರ್ಕಾರಿ ಸೀಲ್ ಹಾಕಿಸುವುದನ್ನೂ ಮರೆಯಬೇಡಿ.

ಇನ್ನೊಂದು, ಹಲಗೆ ಮೇಲೆ ಬರೆಯುವುದಾದರೆ ಸೀಮೆಸುಣ್ಣ ನೀರಲ್ಲಿ ಅದ್ದಿ ಬರೆಯಿರಿ. ಒಣಗಿದ ಮೇಲೆ ಗಿರಾಕಿಗಳ ತೋಳು ತಾಗಿದರೂ ಅಳಿಸುವುದಿಲ್ಲ.