ಮಲೆನಾಡಿನ ಒಂಟಿಮನೆಗೆ ಬಂದವರಿಗೆ: ಮಕ್ಕಳ ಸುರಕ್ಷತೆ, ಮನೆಯೊಳಗಿನ ಹಿಂಸೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳು ದೂರ ದೂರ. ನಡುವೆ ತೋಟ, ಹಳ್ಳ, ಕಾಡು. ಆಷಾಢದ ಮಳೆ ಹಿಡಿದರೆ ಆಚೆಮನೆಗೆ ಕೂಗೂ ಕೇಳದು. ಹಾಗಾಗಿ ಸಾಮಾನು ಇಳಿಸಿದ ವಾರದಲ್ಲೇ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರ ಪರಿಚಯ ಮಾಡಿಕೊಳ್ಳಿ. ಫೋನಿಗೆ ಸಿಗ್ನಲ್ ಸಿಗುವ ಜಾಗ ಮಕ್ಕಳಿಗೂ ಗೊತ್ತಿರಲಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112 — ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಅಡಿಕೆ ಕೊಯ್ಲಿನ ಸಮಯದಲ್ಲಿ ದೊಡ್ಡವರು ರಾತ್ರಿಯವರೆಗೂ ಸುಲಿಯುತ್ತ ಕೂತಿರುತ್ತಾರೆ, ಮಕ್ಕಳನ್ನು ಯಾರ್ಯಾರೋ ನೋಡಿಕೊಳ್ಳುತ್ತಿರುತ್ತಾರೆ. ‘ಗುರುತಿಲ್ಲದವರ ಹತ್ತಿರ ಹೋಗಬೇಡ’ ಎಂದರೆ ಸಾಲದು. ಮಕ್ಕಳ ಮೈಮುಟ್ಟುವವರು ಹೆಚ್ಚಾಗಿ ಗುರುತಿನವರೇ. ‘ಆ ಮಾಮನ ಗಾಡೀಲಿ ನಾ ಹೋಗಲ್ಲ’ ಎಂದು ಮಗು ಹಟ ಹಿಡಿದರೆ ಗದರಿಸಿ ಹತ್ತಿಸಬೇಡಿ. ಗಂಡುಮಕ್ಕಳ ಮಾತಿಗೂ ಅಷ್ಟೇ ಕಿವಿಗೊಡಿ.

ಮಗು ಬಾಯಿಬಿಟ್ಟರೆ, ‘ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ ಪುಟ್ಟಾ’ ಅನ್ನಿ. ಅತ್ತೆ, ಅಜ್ಜಿ, ಚಿಕ್ಕಪ್ಪನ ಮುಂದೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ. ಹಾಕಿದ್ದ ಬಟ್ಟೆ ಒಗೆಯುವ ಕಲ್ಲಿಗೆ ಹೋಗದಿರಲಿ. ಅದು ಸಾಕ್ಷ್ಯ. ಪ್ಲಾಸ್ಟಿಕ್ ಬೇಡ, ಕಾಗದದಲ್ಲಿ ಸುತ್ತಿಡಿ. ಇಂಥ ಪ್ರಕರಣದಲ್ಲಿ ಚಿಕಿತ್ಸೆಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೂ ದುಡ್ಡು ಕೇಳುವಂತಿಲ್ಲ. ಶಿವಮೊಗ್ಗದಲ್ಲಾದರೆ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ ಇದೆ.

‘ಠಾಣೆ ಯಾಕೆ, ಊರಲ್ಲೇ ಕೂತು ಮುಗಿಸೋಣ’ ಎನ್ನುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಅವರಿಗೆ ಮಣಿಯಬೇಡಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲಾಗಬಹುದು. ಮಗುವನ್ನು ಠಾಣೆಗೆ ಎಳೆದೊಯ್ಯಬೇಕಿಲ್ಲ. ಹೇಳಿಕೆಯನ್ನು ಮನೆಯಲ್ಲೇ, ಸಮವಸ್ತ್ರ ಹಾಕದ ಪೊಲೀಸರು, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಪೇಪರಿನಲ್ಲಿ ಹೆಸರು, ಫೋಟೊ ಬರುವಂತಿಲ್ಲ.

ಇನ್ನು ಗಂಡನ ಹೊಡೆತ. ಬಾಸುಂಡೆ ಎದ್ದರೆ ಮಾತ್ರ ಹಿಂಸೆ ಅಂದುಕೊಂಡವರು ಇನ್ನೂ ಇದ್ದಾರೆ. ಹೀನಾಯ ಬೈಗುಳ, ಖರ್ಚಿಗೆ ಕೊಡದೆ ಸತಾಯಿಸುವುದು, ದುಡಿದ ಕೂಲಿ ಕಸಿದುಕೊಳ್ಳುವುದೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಹಿಂಸೆಯೇ. ಮನೆ ಅವನ ಹೆಸರಿನಲ್ಲಿದ್ದರೂ ಹೆಂಡತಿಯನ್ನು ಹಾಗೇ ಹೊರಗೆ ತಳ್ಳುವಂತಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದಕ್ಕೆ ರಕ್ಷಣಾಧಿಕಾರಿ, ದೂರು ಅವರಿಗೆ ಕೊಡಬಹುದು. ವಕೀಲರ ಫೀಸಿಗೆ ಹೆದರಬೇಡಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಜೆರಾಕ್ಸನ್ನು ನಂಬಿಕೆಯವರ ಮನೆಯಲ್ಲಿ ಇಟ್ಟಿರಿ. ರಾತ್ರೋರಾತ್ರಿ ಹೊರಡಬೇಕಾದರೆ ಹುಡುಕುತ್ತ ನಿಲ್ಲಲು ಆಗುವುದಿಲ್ಲ.