ಮಂಡಕ್ಕಿಯಂತೆ ಉಬ್ಬಿದ ಪುಡಿಯಿಂದ ಆಲ್ಕೋಹಾಲ್ ಸೆನ್ಸರ್: ನನ್ನ ಅನುಭವ

ಆ ಪುಡಿ ಉಬ್ಬಿದ್ದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಅರಳುತ್ತದಲ್ಲ, ಹಾಗೇ. ತಳದಲ್ಲಿದ್ದ ಅಂಟು ದ್ರಾವಣ ಕ್ಷಣದಲ್ಲಿ ಪಿಂಗಾಣಿ ಬಟ್ಟಲು ತುಂಬಾ ಹಗುರ ನೊರೆಯಾಗಿ ನಿಂತಿತು. ಅದು ಜಿಂಕ್ ಆಕ್ಸೈಡ್. ಆಲ್ಕೋಹಾಲ್ ಆವಿಯನ್ನು ಪತ್ತೆ ಮಾಡುವ ಸೆನ್ಸರ್ ಅದರಿಂದ ಮಾಡಬೇಕಿತ್ತು.

ಈ ವಿಧಾನದ ಹೆಸರು ಸಲ್ಯೂಷನ್ ಕಂಬಸ್ಚನ್, ಅಂದರೆ ದ್ರಾವಣವನ್ನೇ ಉರಿಸಿ ಪುಡಿ ಮಾಡುವುದು. ಇದಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್ಲೆ ಮತ್ತು ಪ್ರೊ. ಕೆ. ಸಿ. ಪಾಟೀಲ್ 1988ರಲ್ಲಿ ಅಲ್ಯುಮಿನಾವನ್ನು (ಅಲ್ಯುಮಿನಿಯಂ ಆಕ್ಸೈಡ್) ಹೀಗೆ ಮಾಡಿದ್ದನ್ನು ಪ್ರಕಟಿಸಿದರು. ಒಲೆ ಇದ್ದದ್ದು 500 ಡಿಗ್ರಿ ಮಾತ್ರ. ಉಳಿದ ಬಿಸಿಯನ್ನೆಲ್ಲ ಒಳಗೆ ಹತ್ತಿಕೊಂಡ ಜ್ವಾಲೆಯೇ ಕೊಟ್ಟಿತ್ತು.

ನನ್ನ ಪಾಕ ಸರಳ. ಜಿಂಕ್ ನೈಟ್ರೇಟ್ ಒಂದು ಮೋಲ್ (ಅಣುಗಳ ಎಣಿಕೆಯ ಅಳತೆ) ಇದ್ದರೆ ಗ್ಲೈಸಿನ್ ಎಂಬ ಅಮೈನೋ ಆಮ್ಲ 1.11 ಮೋಲ್. ಎರಡನ್ನೂ ಸ್ವಲ್ಪ ನೀರಲ್ಲಿ ಕರಗಿಸಿ ಹಾಟ್ ಪ್ಲೇಟ್ ಮೇಲೆ ಇಡುತ್ತೇನೆ. ನೀರು ಇಂಗುತ್ತದೆ, ಪಾಕ ಗಟ್ಟಿಯಾಗುತ್ತದೆ, ಆಮೇಲೆ ತಾನೇ ಹೊತ್ತಿಕೊಳ್ಳುತ್ತದೆ. ಗ್ಲೈಸಿನ್ ಇಲ್ಲಿ ಸೌದೆ. ಉರಿಯುವಾಗ ಹುಟ್ಟುವ ಅನಿಲಗಳು ರಭಸದಿಂದ ಹೊರನುಗ್ಗುತ್ತವೆ, ಅವು ಹೋದ ದಾರಿಗಳೇ ರಂಧ್ರಗಳಾಗಿ ಉಳಿಯುತ್ತವೆ. ಕಂದು ಬಣ್ಣದ ವಿಷದ ಹೊಗೆಯೂ ಬರಬಹುದು. ಅದಕ್ಕೇ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೆ, ಒಂದೆರಡು ಗ್ರಾಂ ಮಾತ್ರ. ಮನೆಯಲ್ಲಿ ಖಂಡಿತ ಬೇಡ.

ಗ್ಲೈಸಿನ್ ಜಾಸ್ತಿಯಾದರೆ ಪುಡಿಯಲ್ಲಿ ಮಸಿ ಉಳಿಯುತ್ತದೆ. 500 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟರೆ ಹೋಗುತ್ತದೆ. ಕುಲುಮೆಯಿಂದ ತೆಗೆದಾಗ ಪುಡಿ ಹಳದಿಯಾಗಿತ್ತು, ನಾನು ಗಾಬರಿಯಾದೆ. ಆರುತ್ತಾ ಆರುತ್ತಾ ಬೆಳ್ಳಗಾಯಿತು. ಬಿಸಿಯಲ್ಲಿ ಹಳದಿಯಾಗುವುದು ಜಿಂಕ್ ಆಕ್ಸೈಡಿನ ಗುಣ.

ಇದು ಆವಿಯನ್ನು ಗುರುತಿಸುವುದು ಹೇಗೆ? ಸುಮಾರು 300 ಡಿಗ್ರಿಗೆ ಕಾಯಿಸಿದಾಗ ಗಾಳಿಯ ಆಕ್ಸಿಜನ್ ಕಣಗಳ ಮೈಗೆ ಅಂಟಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಪುಡಿಯ ವಿದ್ಯುತ್ ರೋಧ ಏರುತ್ತದೆ. ಆಲ್ಕೋಹಾಲ್ ಆವಿ ಬಂದರೆ ಆ ಆಕ್ಸಿಜನ್ ಜೊತೆ ಸೇರಿ ಉರಿಯುತ್ತದೆ, ಎಲೆಕ್ಟ್ರಾನ್‌ಗಳು ವಾಪಸ್ ಬರುತ್ತವೆ, ರೋಧ ಇಳಿಯುತ್ತದೆ. ಗಾಳಿಯಲ್ಲಿನ ರೋಧವನ್ನು ಆವಿಯಲ್ಲಿನ ರೋಧದಿಂದ ಭಾಗಿಸಿದರೆ ಸೆನ್ಸರ್ ಎಷ್ಟು ಚುರುಕು ಅಂತ ಗೊತ್ತಾಗುತ್ತದೆ.

ಸೆನ್ಸರ್ ಮಾಡಲು ಪುಡಿಯನ್ನು ಪೇಸ್ಟ್ ಮಾಡಿ, ತೆಳು ಪದರವಾಗಿ, ಅಂದರೆ ಫಿಲ್ಮ್ ಆಗಿ ಬಳಿಯಬೇಕು. ನಾನು ಎಡವಿದ್ದು ಪೇಸ್ಟ್ ಮಾಡುವಾಗ. ಫಿಲ್ಮ್ ನುಣುಪಾಗಿ ಬರಲಿ ಅಂತ ಪುಡಿಯನ್ನು ಅಗೇಟ್ ಎಂಬ ಗಟ್ಟಿ ಕಲ್ಲಿನ ಖಲ್ಲಿನಲ್ಲಿ ಒಂದು ಗಂಟೆ ಅರೆದೆ. ಫಿಲ್ಮ್ ಕನ್ನಡಿಯಂತೆ ಬಂತು. ಆದರೆ ಅರೆಯದ ಪುಡಿಯ ಫಿಲ್ಮಿಗೆ ಹೋಲಿಸಿದರೆ ಅದು ಅರ್ಧದಷ್ಟೂ ಸ್ಪಂದಿಸಲಿಲ್ಲ. ವಿಚಿತ್ರ ಅಂದರೆ, ನೈಟ್ರೋಜನ್ ಹೀರಿಸಿ ಅಳೆದ ಮೇಲ್ಮೈ ವಿಸ್ತೀರ್ಣ ಹೆಚ್ಚೇನೂ ಕಡಿಮೆಯಾಗಿರಲಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೋಡಿದ ಮೇಲೆ ಅರ್ಥವಾಯ್ತು. ಕಣಗಳು ಹಾಗೇ ಇದ್ದವು, ಅವುಗಳ ನಡುವಿನ ದೊಡ್ಡ ಓಣಿಗಳು ಕುಸಿದು ಮುಚ್ಚಿಹೋಗಿದ್ದವು. ಆವಿ ಹೊರಪದರದಲ್ಲೇ ಉರಿದು ಮುಗಿಯುತ್ತಿತ್ತು. ಒಳಗಿನ ಕಣಗಳಿಗೆ ಏನೂ ತಲುಪುತ್ತಲೇ ಇರಲಿಲ್ಲ. ಪುಡಿಗೆ ಎಷ್ಟು ಮೇಲ್ಮೈ ಇದೆ ಅನ್ನುವುದಕ್ಕಿಂತ ಆವಿ ಒಳಗೆ ಹೋಗಿ ಹೊರಗೆ ಬರಲು ದಾರಿ ಇದೆಯಾ ಅನ್ನುವುದೇ ಮುಖ್ಯ ಅಲ್ವಾ? ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈಗ ಅರೆಯುವುದಿಲ್ಲ. ಬೆರಳಲ್ಲಿ ಒತ್ತಿದಷ್ಟೇ ಮೆಲ್ಲಗೆ ಮುರಿದು, ಟರ್ಪಿನಿಯಾಲ್ ಎಂಬ ದ್ರಾವಕ ಮತ್ತು ಈಥೈಲ್ ಸೆಲ್ಯುಲೋಸ್ ಎಂಬ ಅಂಟಿನ ಜೊತೆ ಕಲಸಿ, ಚಿನ್ನದ ಎಲೆಕ್ಟ್ರೋಡ್ ಇರುವ ಅಲ್ಯುಮಿನಾ ಬಿಲ್ಲೆ ಮೇಲೆ ಬ್ರಷ್‌ನಿಂದ ಬಳಿಯುತ್ತೇನೆ. ಫಿಲ್ಮ್ ಒರಟಾಗಿರುತ್ತದೆ, ಇರಲಿ.

ಪರೀಕ್ಷೆಗೆ 10 ಲೀಟರ್ ಡಬ್ಬಿ. 25 ಡಿಗ್ರಿಯಲ್ಲಿ 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ಆವಿ ಬೇಕಾದರೆ ಎಥನಾಲ್, ಅಂದರೆ ನಮ್ಮ ಆಲ್ಕೋಹಾಲ್, ಕೇವಲ 2.4 ಮೈಕ್ರೋಲೀಟರ್ ಸಾಕು. ಇಷ್ಟು ಚೂರನ್ನು ಹಾಕುವಾಗ ಸಿರಿಂಜಿನ ತುದಿಯಲ್ಲಿ ಉಳಿಯುವ ಹನಿಯೂ ಲೆಕ್ಕ ಕೆಡಿಸುತ್ತದೆ. ಸೆನ್ಸರನ್ನು ಹಿಂದಿನ ರಾತ್ರಿಯಿಂದಲೇ ಕಾಯಿಸಿಡುತ್ತೇನೆ, ಇಲ್ಲದಿದ್ದರೆ ಗ್ರಾಫಿನಲ್ಲಿ ರೋಧದ ಗೆರೆ ಸ್ಥಿರವಾಗಿ ನಿಲ್ಲುವುದಿಲ್ಲ.

ಒಂದು ದಿನ ಏನೂ ಹಾಕದೆಯೇ ಗ್ರಾಫ್ ಧಡಕ್ಕನೆ ಇಳಿಯಿತು. ಡಬ್ಬಿಯ ಮುಚ್ಚಳ ತೆರೆದಿತ್ತು, ಪಕ್ಕದಲ್ಲೇ ನಿಂತ ಗೆಳತಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಿದ್ದಳು. ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಅಳತೆ ಹಾಳಾಯಿತು, ನಿಜ. ಆದರೆ ಪ್ರಯೋಗದ ಹೊರಗೂ ಅದು ಕೆಲಸ ಮಾಡುತ್ತದೆ ಅಂತ ಕಣ್ಣಾರೆ ಕಂಡೆ.

ಮಳೆಗಾಲದ್ದು ಬೇರೆ ಕಷ್ಟ. ನೀರಾವಿಯೂ ಕಣಗಳ ಮೇಲೆ ಕೂತು ಆಕ್ಸಿಜನ್ನಿನ ಜಾಗ ಹಿಡಿಯುತ್ತದೆ. ಜೂನ್ ತಿಂಗಳ ಅಂಕಿ ಮಾರ್ಚ್‌ನದಕ್ಕೆ ಹೊಂದಲೇ ಇಲ್ಲ. ಹಾಗಾಗಿ ಈಗ ಗಾಳಿಯನ್ನು ಸಿಲಿಕಾ ಜೆಲ್ ಮೂಲಕ ಬಿಡುತ್ತೇನೆ, ಪ್ರತಿ ಗ್ರಾಫಿನ ಮೂಲೆಯಲ್ಲೂ ಆ ದಿನದ ತೇವಾಂಶ ಬರೆದಿಡುತ್ತೇನೆ.

ಅಸಿಟೋನ್ ಬಂದರೂ ಈ ಸೆನ್ಸರ್ ಆಲ್ಕೋಹಾಲ್ ಬಂದಂತೆಯೇ ಕೂಗುತ್ತದೆ. ಅದಕ್ಕೆ ಒಂದೇ ಪುಡಿಯ ಎರಡು ಫಿಲ್ಮ್‌ಗಳನ್ನು ಬೇರೆ ಬೇರೆ ಬಿಸಿಯಲ್ಲಿಟ್ಟು, ಎರಡೂ ಅಂಕಿಗಳನ್ನು ಹೋಲಿಸಿ ನೋಡಬೇಕು ಅಂತಿದ್ದೇನೆ. ಎರಡನೆಯ ಫಿಲ್ಮ್ ಈಗ ಕುಲುಮೆಯಲ್ಲಿದೆ.