ಕಡತ ಓಡಾಡೋ ದಾರಿಯಲ್ಲೇ ತರಬೇತಿ

ನಾನು ಕಂದಾಯ ಇಲಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕ. ಕಡತಗಳನ್ನು ಕಾಗದದ ಬದಲು ಕಂಪ್ಯೂಟರಿನಲ್ಲೇ ಕಳಿಸೋ ಇ-ಆಫೀಸ್ ವ್ಯವಸ್ಥೆ ಬಂದಾಗ ಜಿಲ್ಲೆಯ ತಾಲ್ಲೂಕು ಕಚೇರಿಗಳ ಸಿಬ್ಬಂದಿಗೆ ಕಲಿಸೋ ಕೆಲಸ ನನಗೆ ಬಂತು.

ಮೊದಲ ಬ್ಯಾಚನ್ನು ಎಲ್ಲರೂ ಮಾಡೋ ಹಾಗೇ ಮಾಡಿದೆ. ನಲವತ್ತು ಜನ ವಿಷಯ ನಿರ್ವಾಹಕರು (ಕಡತ ನೋಡಿಕೊಳ್ಳುವ ಗುಮಾಸ್ತರು), ಬೇರೆ ಬೇರೆ ತಾಲ್ಲೂಕಿನವರು, ಒಂದು ಹಾಲ್, ಒಂದು ಪ್ರೊಜೆಕ್ಟರ್, ಎರಡು ದಿನ. ಎಲ್ಲರೂ ಅರ್ಥ ಆಯ್ತು ಅಂದರು. ಹದಿನೈದು ದಿನ ಬಿಟ್ಟು ಒಂದು ಕಚೇರಿಗೆ ಹೋದರೆ ಅದೇ ರಟ್ಟಿನ ಕಡತ, ಅದೇ ಲಾಡಿ. ಯಾಕೆ ಅಂತ ಕೇಳಿದೆ. ಒಬ್ಬ ಮೇಡಂ ಹೇಳಿದರು: "ನಾನು ಕಳಿಸ್ತೀನಿ ಸರ್, ಆದ್ರೆ ಶಿರಸ್ತೇದಾರರು ಲಾಗಿನ್ ಆಗೋದೇ ಇಲ್ಲ. ಸಾಹೇಬರು ಪ್ರಿಂಟ್ ತಗೊಂಡು ಬನ್ನಿ ಅಂತಾರೆ."

ಆಗಲೇ ನನಗೆ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು. ನಾವು ಹುದ್ದೆ ನೋಡಿ ಕರೆಯುತ್ತೇವೆ. ಗುಮಾಸ್ತರಿಗೆ ಒಂದು ದಿನ, ಅಧಿಕಾರಿಗಳಿಗೆ ಇನ್ನೊಂದು ದಿನ. ಕಡತ ಮಾತ್ರ ಹಾಗೆ ಹೋಗಲ್ಲ, ಅಲ್ವಾ? ಟಪಾಲಿನಿಂದ ತಹಶೀಲ್ದಾರರ ತನಕ ಅದು ಒಂದೇ ದಾರಿಯಲ್ಲಿ ಹೋಗುತ್ತದೆ, ನಡುವೆ ಒಬ್ಬರಿಗೆ ಬರದಿದ್ದರೂ ಅಲ್ಲೇ ನಿಲ್ಲುತ್ತದೆ.

ಮುಂದಿನ ಸಲ ಒಂದೇ ಕಚೇರಿಯವರನ್ನು ಅವರವರ ಟೇಬಲ್ಲಿನಲ್ಲೇ ಕೂರಿಸಿ ಕಲಿಸಿದೆ. ಟಪಾಲು ನೋಡುವವರು, ವಿಷಯ ನಿರ್ವಾಹಕರು, ಶಿರಸ್ತೇದಾರರು, ತಹಶೀಲ್ದಾರರು, ಎಲ್ಲರೂ ಒಂದೇ ಮಧ್ಯಾಹ್ನ. ಪ್ರೊಜೆಕ್ಟರ್ ಇಲ್ಲ. ಅವತ್ತು ಬೆಳಿಗ್ಗೆ ಬಂದಿದ್ದ ನಿಜವಾದ ಅರ್ಜಿಯನ್ನೇ ತೆಗೆದುಕೊಂಡೆವು. ಊರಿನ ಸ್ಮಶಾನಕ್ಕೆ ಜಾಗ ಕೊಡಿ ಅಂತ ಗ್ರಾಮಸ್ಥರು ಬರೆದದ್ದು. ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದ್ದು, ಕಡತ ತೆರೆದದ್ದು, ಟಿಪ್ಪಣಿ ಬರೆದದ್ದು ಎಲ್ಲ ಅವರ ಕೈಯಲ್ಲೇ. ನಾನು ಮೌಸ್ ಮುಟ್ಟಲಿಲ್ಲ. ಇದನ್ನು ಬೇರೆ ತರಬೇತುದಾರರಿಗೂ ಹೇಳುತ್ತೇನೆ, ದಯವಿಟ್ಟು ಮೌಸ್ ಕಿತ್ತುಕೊಳ್ಳಬೇಡಿ.

ಜಾಸ್ತಿ ಹೊತ್ತು ಹಿಡಿದದ್ದು ಎರಡು ಕಡೆ. ಒಂದು, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇ-ಆಫೀಸಿನಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಇಪ್ಪತ್ತು ವರ್ಷ ಟೈಪ್ ಮಾಡಿದವರು ಅದನ್ನು ನೋಡಿ ಕಂಪ್ಯೂಟರೇ ಹಾಳಾಯ್ತು ಅಂತ ಹೆದರುತ್ತಾರೆ. ಹಾಳಾಗಿಲ್ಲ. ಆ ಹಳೇ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದೆ, ಫಾಂಟ್ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ, ಅಷ್ಟೇ. ಟೈಪ್ ಮಾಡುವ ಮೊದಲೇ ನುಡಿಯನ್ನು ಯೂನಿಕೋಡಿಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತಕ್ಕೆ, ಬದಲಿಸಿಕೊಳ್ಳಬೇಕು, ಹಳೇ ಪತ್ರಗಳನ್ನು ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು. ಕೀಲಿಮಣೆ ಮಾತ್ರ ಅದೇ ಕೆ.ಪಿ. ರಾವ್ ಅವರ ವಿನ್ಯಾಸ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಿಲ್ಲ ಅಂತ ಗೊತ್ತಾದ ಕೂಡಲೇ ಅವರ ಮುಖ ಹಗುರಾಯಿತು.

ಇನ್ನೊಂದು, ಹಸಿರು ಟಿಪ್ಪಣಿ, ಹಳದಿ ಟಿಪ್ಪಣಿ. ಹಸಿರಿನಲ್ಲಿ ಬರೆದು ಕಡತ ಕಳಿಸಿದ ಮೇಲೆ ತಿದ್ದೋಕೆ ಆಗಲ್ಲ. ಹಳದಿ ಕರಡು, ಮೇಲಿನವರು ತಿದ್ದಬಹುದು, ಒಪ್ಪಿದ ಮೇಲೆ ಹಸಿರಾಗುತ್ತದೆ. ಹೊಸಬರು ಹಳದಿಯಿಂದಲೇ ಶುರು ಮಾಡಲಿ. ತಪ್ಪಾದರೆ ಏನಾಗುತ್ತೋ ಅನ್ನುವ ಅಂಜಿಕೆ ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಉಳಿದ ಅರ್ಧ ಬೇರೆ. ಕಡತ ಯಾರ ಹತ್ತಿರ ಎಷ್ಟು ದಿನದಿಂದ ಇದೆ ಅನ್ನೋದು ಇಲ್ಲಿ ಕಾಣಿಸುತ್ತದೆ. ಸೇವೆಯನ್ನು ಇಷ್ಟೇ ದಿನದೊಳಗೆ ಕೊಡಬೇಕು ಅನ್ನುವ ಸಕಾಲ ಯೋಜನೆ ಶುರುವಾದ 2012ರಲ್ಲೂ ಇದೇ ಭಯ ಇತ್ತು. ಅದಕ್ಕೇ ತಹಶೀಲ್ದಾರರನ್ನು ಕೇಳಿಕೊಂಡೆ: ಮೊದಲ ಎರಡು ತಿಂಗಳು ಬಾಕಿ ಪಟ್ಟಿ ನೋಡಿ ಯಾರಿಗೂ ನೋಟಿಸ್ ಕೊಡಬೇಡಿ ಸರ್, ಸೋಮವಾರ ಹತ್ತು ನಿಮಿಷ ಎಲ್ಲರ ಜೊತೆ ಕೂತು ಯಾಕೆ ನಿಂತಿದೆ ಅಂತ ಕೇಳಿ, ಸಾಕು. ಒಪ್ಪಿದರು. ಕೇಳಿದಾಗ ಎಷ್ಟೋ ಕಡತ ಸರ್ವೆ ವರದಿಗೆ ಕಾಯುತ್ತಿದ್ದವು, ಗುಮಾಸ್ತರ ತಪ್ಪೇ ಇರಲಿಲ್ಲ.

ಸರ್ಕಾರಿ ನೌಕರರಿಗೆ ಇರುವ 2012ರ ನಿಯಮದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಪಾಸಾದವರೂ ಮೊದಲ ಕಡತ ಕಳಿಸೋವಾಗ ತಡವರಿಸಿದ್ದನ್ನು ನೋಡಿದ್ದೇನೆ, ಪಕ್ಕದಲ್ಲಿ ಯಾರಾದರೂ ಇರಬೇಕು. ಅದಕ್ಕೆ ಪ್ರತಿ ಕಚೇರಿಯಲ್ಲಿ ಒಬ್ಬರನ್ನು ಆರಿಸಿ ಅವರಿಗೆ ಇನ್ನೊಂದು ದಿನ ಜಾಸ್ತಿ ಕಲಿಸಿದೆ.

ಮೂರನೇ ವಾರ ಅದೇ ಕಚೇರಿಗೆ ಹೋದಾಗ ಶಿರಸ್ತೇದಾರರು ಅಭ್ಯಾಸದಂತೆ ಪ್ರಿಂಟ್ ಹಿಡಿದು ಚೇಂಬರಿಗೆ ಹೋದರು. ತಹಶೀಲ್ದಾರರು ಕಾಗದ ಮುಟ್ಟಲಿಲ್ಲ. "ಇಲ್ಲೇ ಕಳಿಸಿ, ನೋಡ್ತೀನಿ" ಅಂದರು. ಸ್ಮಶಾನದ ಕಡತ ಅಷ್ಟೊತ್ತಿಗೆ ಗ್ರಾಮ ಆಡಳಿತ ಅಧಿಕಾರಿಯ ವರದಿಗೆ ಹೋಗಿತ್ತು. ಮುಂದಿನ ತಿಂಗಳು ಅವರನ್ನೂ ಇದೇ ಸಾಲಿಗೆ ಸೇರಿಸುತ್ತಿದ್ದೇನೆ.